ತುಮಕೂರಿನ ಒಂದು ಎಕೋ ಸೆಂಟರ್: ಮೆಟ್ಟಿಲು ಕಷ್ಟ, ಕೆಲಸ ಚೆನ್ನ

ನನ್ನ ಮಗನಿಗೆ 12 ವರ್ಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಹುಟ್ಟುಕಾಯಿಲೆ ಇದೆ, ಎರಡು ವರ್ಷದಿಂದ ವೀಲ್‌ಚೇರ್‌ನಲ್ಲೇ ಓಡಾಟ. ಹೋದ ವಾರ ಗುಬ್ಬಿಯಿಂದ ತುಮಕೂರಿಗೆ ಕರೆದುಕೊಂಡು ಹೋಗಿ, ಬಿ.ಎಚ್. ರಸ್ತೆ ಹತ್ತಿರದ ಒಂದು ಸಣ್ಣ ಸೆಂಟರ್‌ನಲ್ಲಿ ಹೃದಯದ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿಕೊಂಡು ಬಂದೆವು.

ಮೊದಲು ಬೇಸರದ ವಿಷಯ. ಸೆಂಟರ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಈ ಮಕ್ಕಳನ್ನು ಕಂಕುಳಿಗೆ ಕೈ ಹಾಕಿ ಎತ್ತುವ ಹಾಗಿಲ್ಲ, ಭುಜದಲ್ಲಿ ಬಲ ಇರುವುದಿಲ್ಲ, ಜಾರಿಬಿಡುತ್ತಾರೆ. ನಮ್ಮ ಯಜಮಾನರು ಬೆನ್ನಿಗೊಂದು, ತೊಡೆ ಕೆಳಗೊಂದು ಕೈ ಕೊಟ್ಟು ಎತ್ತಿಕೊಂಡು ಹತ್ತಿದರು, ನಾನು ಕುರ್ಚಿ ಮಡಚಿ ಹಿಂದೆ ಹೋದೆ. ಹೃದಯದ ತೊಂದರೆ ಇರುವವರು ಬರುವ ಜಾಗ ಅಲ್ವಾ, ಇದನ್ನು ಅವರು ಸರಿ ಮಾಡಲೇಬೇಕು.

ಒಳಗಿನ ಕೆಲಸಕ್ಕೆ ಮಾತ್ರ ಪೂರ್ತಿ ಮಾರ್ಕು ಕೊಡುತ್ತೇನೆ. ಎಕೋಗೆ ಎಡಮಗ್ಗುಲಾಗಿ ಮಲಗಬೇಕು. ಇವನ ಮಂಡಿ, ಸೊಂಟ ಬಿಗಿದುಕೊಂಡಿವೆ, ಬೆನ್ನೂ ವಾಲಿದೆ. ಹಿಂದೆ ಬೇರೆ ಒಂದು ಕಡೆ "ನೆಟ್ಟಗೆ ಮಲಗೋ" ಅಂತ ಗದರಿ ಐದೇ ನಿಮಿಷಕ್ಕೆ ಮುಗಿಸಿದ್ದರು. ಇಲ್ಲಿನ ಮೇಡಂ ಟವೆಲ್ ಸುತ್ತಿ ಬೆನ್ನಿಗೆ ಒತ್ತುಕೊಟ್ಟರು, ಮಂಡಿಗಳ ಮಧ್ಯೆ ದಿಂಬಿಟ್ಟರು, ಜೆಲ್ ತಣ್ಣಗಿರುತ್ತೆ ಅಂತ ಬಾಟಲಿಯನ್ನೇ ಬಿಸಿನೀರಿನಲ್ಲಿ ಇಟ್ಟಿದ್ದರು. "ನೋವಾದ್ರೆ ಹೇಳು ಕಂದ" ಅಂತ ಕೇಳುತ್ತಾ ಮುಕ್ಕಾಲು ಗಂಟೆ ನೋಡಿದರು.

ಕಾಲಿನ ಕಾಯಿಲೆಗೆ ಹೃದಯ ಯಾಕೆ ನೋಡಬೇಕು ಅಂತ ನನ್ನ ಅತ್ತೆ ಈಗಲೂ ಕೇಳುತ್ತಾರೆ. ಅಲ್ಲಿನ ಡಾಕ್ಟರ್ ಹೇಳಿದ್ದನ್ನೇ ಅವರಿಗೂ ಹೇಳಿದೆ. ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಸ್ನಾಯುವಿನ ಜೀವಕಣ ಕುಗ್ಗಿ ಹಿಗ್ಗುವಾಗ ಅದರ ಪೊರೆ ಹರಿಯದ ಹಾಗೆ ಹಿಡಿದಿಡುತ್ತದೆ, ನಮ್ಮ ಹುಡುಗನಲ್ಲಿ ಅದೇ ಇಲ್ಲ. ಕಾಲಿನ ಸ್ನಾಯುವಿಗೆ ಬೇಕಾದ ಆ ಪ್ರೋಟೀನ್ ಹೃದಯಕ್ಕೂ ಬೇಕು, ಅದೂ ಸ್ನಾಯುವೇ. ಕಾಲಿಗಾದರೂ ವಿಶ್ರಾಂತಿ ಇದೆ, ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯಬೇಕು. ಪೊರೆ ಹರಿದು ಸತ್ತ ಕಣಗಳ ಜಾಗದಲ್ಲಿ ಹಳೇ ಗಾಯದ ಕಲೆಯ ಥರ ನಾರು ಬೆಳೆದು, ಪಂಪ್ ಮಾಡುವ ಶಕ್ತಿ ಕಮ್ಮಿಯಾಗುತ್ತಾ ಹೋಗುತ್ತದೆ.

ನಮಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ. ನಡೆದಾಡುವವರಿಗೆ ಹೃದಯ ಸೋತರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಆಗ ಗೊತ್ತಾಗುತ್ತದೆ. ನನ್ನ ಮಗ ಹತ್ತುವುದೇ ಇಲ್ಲ, ಓಡುವುದೇ ಇಲ್ಲ, ಏದುಸಿರು ಎಲ್ಲಿಂದ ಬರಬೇಕು? ಚೆನ್ನಾಗೇ ಇದ್ದಾನಲ್ಲ ಅಂತ ಎರಡು ವರ್ಷ ಎಕೋ ಮಾಡಿಸದೆ ಬಿಟ್ಟಿದ್ದೆವು. ಅದು ನಮ್ಮ ತಪ್ಪು. ಈ ಮಕ್ಕಳಲ್ಲಿ ಊಟ ಸೇರದಿರುವುದು, ಹೊಟ್ಟೆನೋವು, ವಾಂತಿ, ತೂಕ ಇಳಿಯುವುದು, ನಿದ್ದೆ ಕೆಡುವುದು ಕೂಡ ಹೃದಯದ ಸೂಚನೆ ಇರಬಹುದಂತೆ. ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಹೃದಯ ತೋರಿಸಬೇಕು.

ಇವನ ಇ.ಎಫ್., ಅಂದರೆ ಹೃದಯ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, 50 ಬಂತು. 55ರ ಮೇಲಿದ್ದರೆ ಒಳ್ಳೆಯದು ಅಂದರು. ಸುಮ್ನೆ ಹೆದರಿಸಲಿಲ್ಲ, ತಾವೇ ಮಾತ್ರೆ ಬರೆದುಕೊಡಲೂ ಇಲ್ಲ. ಬೆಂಗಳೂರಿನ ನಮ್ಮ ಡಾಕ್ಟರಿಗೆ ಕಾಗದ ಬರೆದುಕೊಟ್ಟರು. ಅವರು ಎನಲಾಪ್ರಿಲ್ ಅನ್ನುವ, ಹೃದಯದ ಮೇಲಿನ ಭಾರ ಇಳಿಸುವ ಮಾತ್ರೆಯನ್ನು ಸಣ್ಣ ಡೋಸ್‌ನಲ್ಲಿ ಶುರು ಮಾಡಿದ್ದಾರೆ, ಬಿ.ಪಿ. ಮತ್ತು ರಕ್ತಪರೀಕ್ಷೆ ನೋಡಿಕೊಂಡು ಜಾಸ್ತಿ ಮಾಡುತ್ತಾರಂತೆ. ಈ ಥರದ ಮಾತ್ರೆಯನ್ನು ಹೃದಯ ಚೆನ್ನಾಗಿದ್ದರೂ ಸುಮಾರು 10 ವರ್ಷದೊಳಗೇ ಶುರು ಮಾಡುತ್ತಾರೆ ಅಂತ ನಮಗೆ ಈಗ ಗೊತ್ತಾಯಿತು.

ಅವತ್ತು ಸೆಂಟರ್‌ನಿಂದ ಹೊರಡುವಾಗ ಅಲ್ಲಿನ ಡಾಕ್ಟರ್ ನನ್ನ ಕಡೆ ತಿರುಗಿ, "ನಿಮ್ಮ ಎಕೋ ಯಾವಾಗ ಮಾಡಿಸಿದ್ದೀರಮ್ಮ?" ಅಂದರು. ಈ ಕಾಯಿಲೆ ತರುವ ಜೀನಿನ ದೋಷ ತಾಯಿಯಲ್ಲೂ ಇದ್ದರೆ, ಕೈಕಾಲು ಗಟ್ಟಿಯಾಗಿದ್ದರೂ ಹೃದಯ ಸೋಲಬಹುದಂತೆ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಅದೇ ಮಂಚದ ಮೇಲೆ ನಾನೂ ಮಲಗಿದೆ. ಮಗ ಕುರ್ಚಿಯಲ್ಲಿ ಕೂತು ಸ್ಕ್ರೀನ್ ನೋಡುತ್ತಾ, "ಅಮ್ಮ, ಬಾಗಿಲು ತೆಗೆದು ಹಾಕಿ ಮಾಡ್ತಿದೆ ನೋಡು" ಅಂದ. ವಾಲ್ವ್ ನೋಡಿ ಹೇಳಿದ್ದು.

ಹೋಗುವವರು ಹಳೇ ರಿಪೋರ್ಟ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ, ಹೋಲಿಸಿ ನೋಡುತ್ತಾರೆ. ಮೊದಲೇ ಫೋನ್ ಮಾಡಿದರೆ ಎತ್ತಲು ಒಬ್ಬ ಹುಡುಗನನ್ನು ಕೆಳಗೆ ಕಳಿಸುತ್ತಾರಂತೆ, ನಮಗೆ ಇದು ಇಳಿಯುವಾಗ ಗೊತ್ತಾಯಿತು.