ಏಲಕ್ಕಿ ಬಾಳೆ: ಕಂದು ನೆಡೋದಾ, ಟಿಶ್ಯೂ ಕಲ್ಚರ್ ಸಸಿನಾ?

ಟಿಶ್ಯೂ ಕಲ್ಚರ್ ಅಂದ ಕೂಡಲೇ "ಹೈಬ್ರಿಡ್ ಅಲ್ವಾ?" ಎಂದು ಕೇಳುವವರೇ ಜಾಸ್ತಿ. ಅಲ್ಲ, ಅದು ಕ್ಲೋನ್. ತಾಯಿ ಗಿಡದ ತದ್ರೂಪು. ಹಾಗೆ ನೋಡಿದರೆ ಬುಡದಿಂದ ಕಿತ್ತು ನೆಡುವ ಕಂದೂ ಕ್ಲೋನೇ. ನಾವು ತಿನ್ನುವ ಬಾಳೆಗೆ ಬೀಜ ಕಟ್ಟುವುದಿಲ್ಲ, ತಾಯಿಯ ಜೀವಕೋಶಗಳೇ ಬೆಳೆದು ಮರಿಯಾಗುತ್ತವೆ. ಹಾಗಾಗಿ ಎರಡರಲ್ಲೂ ಇರುವುದು ಅದೇ ಜೀನ್. ಹಣ್ಣಿನ ರುಚಿಯಲ್ಲಿ ನನಗಂತೂ ವ್ಯತ್ಯಾಸ ಸಿಗಲಿಲ್ಲ.

ನಮ್ಮ ತೋಟದಲ್ಲಿ ಎರಡನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ನೆಟ್ಟೆವು. ಒಂದೇ ಗೊಬ್ಬರ, ಒಂದೇ ಡ್ರಿಪ್.

ಕಂದು ಗಟ್ಟಿ ಜೀವ. ಕತ್ತಿಯಂಥ ಎಲೆಯದನ್ನು ಆರಿಸಬೇಕು, ಅಗಲ ಎಲೆಯದು ಬೇಡ. ಗಡ್ಡೆಯಲ್ಲೇ ಆಹಾರ ಇರುವುದರಿಂದ ಬಿಸಿಲಿಗೆ ಬೇಗ ಬಾಡುವುದಿಲ್ಲ. ನೆಂಟರ ತೋಟದಿಂದ ತಂದರೆ ಖರ್ಚೂ ಇಲ್ಲ. ಆದರೆ ಗಡ್ಡೆಯ ಜೊತೆ ಬೇರು ಹಾಳುಮಾಡುವ ಜಂತುಹುಳು, ಮೂತಿಹುಳುವಿನ ಮೊಟ್ಟೆ, ಸೊರಗು ರೋಗದ ಶಿಲೀಂಧ್ರ ಎಲ್ಲವೂ ಪುಕ್ಕಟೆಯಾಗಿ ಬರಬಹುದು.

ಟಿಶ್ಯೂ ಕಲ್ಚರ್, ಅಂದರೆ ಲ್ಯಾಬ್ ಸಸಿ ಇಲ್ಲಿ ಗೆಲ್ಲುತ್ತದೆ. ಗಿಡದ ಬೆಳೆಯುವ ತುದಿಯ ಚೂರನ್ನು ಲವಣ, ಸಕ್ಕರೆ, ಹಾರ್ಮೋನ್ ಸೇರಿಸಿದ ಅಗಾರ್ ಎಂಬ ಜೆಲ್ಲಿಯ ಮೇಲೆ ಇಟ್ಟು ಬೆಳೆಸುತ್ತಾರೆ. ಆ ಹಂತದಲ್ಲಿ ಮಣ್ಣಿನ ಸೋಂಕೇ ಇಲ್ಲ. ವೈರಸ್ ಮಾತ್ರ ಬೇರೆ ಮಾತು: ತಾಯಿ ಗಿಡದಲ್ಲಿದ್ದರೆ ಸಸಿಗಳಿಗೂ ದಾಟುತ್ತದೆ. ಕೊಳ್ಳುವಾಗ ವೈರಸ್ ಪರೀಕ್ಷೆಯ ಕಾಗದ ಕೇಳಿ, ಸಂಕೋಚ ಬೇಡ. ಶುರುವಿನಲ್ಲಿ ಆರೈಕೆ ಜಾಸ್ತಿ. ನೆರಳುಮನೆಯಲ್ಲಿ ಸರಿಯಾಗಿ ಹದಗೊಳ್ಳದ ಸಸಿ ಬಯಲಿಗೆ ಬಂದರೆ ಸೊರಗಿಬಿಡುತ್ತದೆ. ಬಾಟಲಿಯಲ್ಲಿ ಮರಿ ಬಿಡಿಸುವ ಸುತ್ತು ಜಾಸ್ತಿಯಾದಷ್ಟೂ ಕುಳ್ಳ ಗಿಡ, ವಿಕಾರ ಎಲೆಯಂಥ ತಾಯಿಯನ್ನು ಹೋಲದ ಗುಣ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ಕ್ಲೋನ್ ಅಂದರೆ ನೂರಕ್ಕೆ ನೂರು ಪಡಿಯಚ್ಚು ಅಂದುಕೊಳ್ಳಬೇಡಿ.

ಕಣ್ಣಿಗೆ ಹೊಡೆಯುವ ವ್ಯತ್ಯಾಸ ಗೊನೆಯ ಸಮಯದ್ದು. ಲ್ಯಾಬ್ ಸಸಿಗಳ ವಯಸ್ಸು ಒಂದೇ, ಹೆಚ್ಚುಕಡಿಮೆ ಒಟ್ಟಿಗೇ ಗೊನೆ ಹಾಕುತ್ತವೆ. ಲಾರಿ ತುಂಬಿಸುವವರಿಗೆ ಇದು ವರ. ಆ ವಾರ ಮಾರುಕಟ್ಟೆ ಬಿದ್ದರೆ ಮಾತ್ರ ಇಡೀ ತೋಟ ಒಟ್ಟಿಗೇ ಬಿದ್ದಂತೆ. ಕಂದಿನ ಸಾಲಿನಲ್ಲಿ ಒಂದು ಇವತ್ತು, ಇನ್ನೊಂದು ಮುಂದಿನ ತಿಂಗಳು. ಮನೆಬಳಕೆಗೆ ಇದೇ ಸರಿ.

ಪನಾಮಾ ಸೊರಗು ರೋಗದ ವಿಷಯದಲ್ಲಿ ಮಾತ್ರ "ಲ್ಯಾಬ್ ಸಸಿಗೆ ರೋಗ ಬರಲ್ಲ" ಎನ್ನುವ ಅಂಗಡಿಯವರ ಮಾತು ಪೂರ್ತಿ ನಂಬಬೇಡಿ. ಸಸಿ ಸ್ವಚ್ಛ ಇರಬಹುದು, ಅದಕ್ಕೆ ರೋಗ ತಡೆಯುವ ಹೊಸ ಶಕ್ತಿಯೇನೂ ಬಂದಿರುವುದಿಲ್ಲ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಒಂದಕ್ಕೆ ತಗುಲಿದರೆ ಅದೇ ಜೀನ್ ಇರುವ ಪಕ್ಕದ್ದಕ್ಕೂ ತಡೆ ಇಲ್ಲ. ಗ್ರೋ ಮಿಷೆಲ್ ತಳಿ ಲ್ಯಾಟಿನ್ ಅಮೆರಿಕದ ರಫ್ತು ತೋಟಗಳಿಂದ 1960ರ ಹೊತ್ತಿಗೆ ಮರೆಯಾಗಿದ್ದು ಹೀಗೇ. ನಮ್ಮ ನಂಜನಗೂಡು ರಸಬಾಳೆ ಅಪರೂಪವಾಗಿದ್ದಕ್ಕೂ ಇದೇ ರೋಗ ದೊಡ್ಡ ಕಾರಣ.

ರೋಗ ಕಾಣದ ಹೊಸ ಜಾಗಕ್ಕೆ, ಮಾರಾಟಕ್ಕೆ ಬೆಳೆಯುವುದಾದರೆ ನನ್ನ ಓಟು ಲ್ಯಾಬ್ ಸಸಿಗೆ. ಅಡುಗೆಮನೆ ಹಿಂದಿನ ನಾಲ್ಕು ಗಿಡಕ್ಕೆ ಸುಮ್ನೆ ದುಡ್ಡು ಯಾಕೆ, ಕಂದೇ ಸಾಕು. ಅದೂ ಆರೋಗ್ಯವಾಗಿ ಗೊನೆ ಕೊಟ್ಟ ಲ್ಯಾಬ್ ಗಿಡದ ಬುಡದ ಕಂದು ಸಿಕ್ಕರೆ ಇನ್ನೂ ಒಳ್ಳೆಯದು.