ಹಾಳೆ ನೋಡದೆ ಬರೆದದ್ದು, ನೋಡಿ ಬರೆದದ್ದು: ಒಂದು ಹೊಂಗೆ ಎಲೆಯ ಕಥೆ

ಮರ ನೋಡುವ ಗುಂಪಿನ ಜೊತೆ ಒಂದು ಭಾನುವಾರ ಲಾಲ್‌ಬಾಗ್‌ಗೆ ಹೋಗಿದ್ದೆ. ಮನೆಗೆ ಬಂದಾಗ ಮೊಬೈಲಿನಲ್ಲಿ 112 ಫೋಟೊ ಇತ್ತು, ತಲೆಯಲ್ಲಿ ಒಂದೂ ಇರಲಿಲ್ಲ. ಹೊಂಗೆ ಎಲೆ ಹೇಗಿರುತ್ತೆ ಅಂತ ಅಲ್ಲಿ ಯಾರೋ ಕೇಳಿದಾಗ "ಹಸಿರಾಗಿ, ಸ್ವಲ್ಪ ಉದ್ದಕ್ಕೆ" ಅಂದಿದ್ದೆ. ನಮ್ಮ ಮನೆ ಮುಂದಿನ ಹೊಂಗೆ ನೆರಳಲ್ಲಿ 11 ವರ್ಷದಿಂದ ಸ್ಕೂಟರ್ ನಿಲ್ಲಿಸುತ್ತಿದ್ದೇನೆ!

"ಫೋಟೊ ಬಿಡಿ ಮೇಡಂ, ಗೆರೆ ಎಳೀರಿ" ಅಂದರು ಗುಂಪಿನ ಹಿರಿಯರೊಬ್ಬರು. ಚಿತ್ರ ಕಲಿಯುವುದಕ್ಕಲ್ಲ, ನೋಡುವುದಕ್ಕೆ. ಕಾಂಟೂರ್ ಡ್ರಾಯಿಂಗ್ ಅಂದರೆ ಅಂಚು, ಮಡಿಕೆ, ಸುಕ್ಕು ಎಲ್ಲವನ್ನೂ ಬರೀ ಗೆರೆಯಲ್ಲಿ ಹಿಡಿಯುವುದು. ಶೇಡಿಂಗ್ ಇಲ್ಲ, ಬಣ್ಣ ಇಲ್ಲ. ಆದರೆ ಇದರಲ್ಲೂ ನಾಲ್ಕಾರು ದಾರಿ ಇವೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ನಾಲ್ಕನ್ನು 6 ವಾರ ಮಾಡಿ ನೋಡಿದೆ, ದಿನಕ್ಕೆ 20 ನಿಮಿಷ. ಮುಖ್ಯವಾಗಿ ಎರಡೇ ವಸ್ತು: ಹೊಂಗೆ ಎಲೆ, ನಮ್ಮನೆ ಕಾಫಿ ಫಿಲ್ಟರ್. ಪರೀಕ್ಷೆಯೂ ಸರಳ. ಮಾರನೇ ಬೆಳಿಗ್ಗೆ ವಸ್ತು ಎದುರಿಗಿಲ್ಲದೆ ನೆನಪಿನಿಂದ ಬರೆಯುವುದು. ಎಷ್ಟು ಉಳಿದಿದೆಯೋ ಅಷ್ಟೇ ಅಂಕ.

ಮೊದಲನೆಯದು ಬ್ಲೈಂಡ್ ಕಾಂಟೂರ್. ಹಾಳೆ ನೋಡುವ ಹಾಗೇ ಇಲ್ಲ. ಇದನ್ನು ಜಾಸ್ತಿ ಜನರಿಗೆ ಮುಟ್ಟಿಸಿದವರು ನ್ಯೂಯಾರ್ಕಿನಲ್ಲಿ ಕಲಿಸುತ್ತಿದ್ದ ಕಿಮಾನ್ ನಿಕೊಲೈಡಿಸ್. ಅವರು 1938ರಲ್ಲಿ ತೀರಿಕೊಂಡರು, ಪಾಠಗಳು ಪುಸ್ತಕವಾಗಿದ್ದು 1941ರಲ್ಲಿ. ಪೆನ್ಸಿಲ್ ತುದಿ ಹಾಳೆಯ ಮೇಲಲ್ಲ, ವಸ್ತುವಿನ ಅಂಚಿನ ಮೇಲೇ ಇದೆ ಅಂತ ನಂಬಬೇಕು, ಇದು ಅವರ ನಿಯಮ. ಕಣ್ಣು ಸರಿದಷ್ಟೇ ಕೈ ಸರಿಯಬೇಕು, ಇರುವೆ ನಡೆದ ಹಾಗೆ.

ಹೇಳುವುದು ಸುಲಭ. ಕಣ್ಣು ಸುಮ್ನೆ ಕೆಳಗೆ ಜಾರುತ್ತೆ. ಕೊನೆಗೆ ಸ್ವೀಟ್ ಬಾಕ್ಸಿನ ಮುಚ್ಚಳಕ್ಕೆ ತೂತು ಮಾಡಿ, ಪೆನ್ನು ಅದರೊಳಗೆ ತೂರಿಸಿ ಕೈ ಮರೆ ಮಾಡಿಕೊಂಡೆ. ಹಾಳೆ ಅಲುಗಾಡದಂತೆ ನಾಲ್ಕು ಮೂಲೆಗೂ ಟೇಪ್. ಮೊದಲ ಚಿತ್ರ ನೋಡಿ ಅಮ್ಮ "ಇದೇನೇ ಇದು, ಜಿಲೇಬಿನಾ?" ಅಂದರು. ತಪ್ಪೇನಿಲ್ಲ, ಹಾಗೇ ಇತ್ತು.

ಆದರೆ ಆ ಜಿಲೇಬಿ ಬರೆಯುವಾಗ ಕಂಡದ್ದು ಕೇಳಿ. ನಾನು ಒಂದು ಎಲೆ ಅಂದುಕೊಂಡಿದ್ದು ಎಲೆಯೇ ಅಲ್ಲ, ಎಲೆಯ ಒಂದು ಭಾಗ. ಒಂದೇ ಕಡ್ಡಿಗೆ ಎದುರುಬದುರಾಗಿ ಎರಡು ಜೋಡಿ, ತುದಿಯಲ್ಲಿ ಒಂಟಿ ಒಂದು, ಒಟ್ಟು ಐದು ಸೇರಿ ಒಂದು ಎಲೆ. ತುದಿಯದು ಉಳಿದವಕ್ಕಿಂತ ದೊಡ್ಡದು. ಕಡ್ಡಿಯ ಬುಡ ಗೆಣ್ಣಿನ ಹಾಗೆ ಊದಿಕೊಂಡಿದೆ. ಒಂದು ಕಡೆ ಅಂಚು ಬಿಟ್ಟು ಒಳಗೆ ಹೋದರೆ ಮೊಡವೆಯಂಥ ಸಣ್ಣ ಗಂಟುಗಳು. ನುಸಿ ಹುಳದ ಕೆಲಸವಂತೆ ಅದು. ಮಾರನೇ ದಿನ ನೆನಪಿನಿಂದ ಬರೆದಾಗ ಇದೆಲ್ಲ ಬಂತು, ಗಂಟುಗಳು ಎಲ್ಲಿದ್ದವು ಅನ್ನುವುದೂ.

ಎರಡನೆಯದು ಆಗಾಗ ಹಾಳೆ ನೋಡಿಕೊಂಡು ಬರೆಯುವುದು. ಚಿತ್ರ ಚಿತ್ರದ ಹಾಗೆ ಬರುತ್ತೆ, ಅಮ್ಮನೂ ಒಪ್ಪುತ್ತಾರೆ. ತೊಂದರೆ ಏನೆಂದರೆ ಕೈ ಮೋಸ ಮಾಡುತ್ತೆ. ಫಿಲ್ಟರ್ ಬರೆಯುವಾಗ ಮೇಲೆ ಚಂದದ ಅಂಡಾಕಾರ, ಕೆಳಗೆ ನೆಟ್ಟಗೆ ಒಂದು ಅಡ್ಡಗೆರೆ ಎಳೆದಿದ್ದೆ. ಫಿಲ್ಟರ್ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತ ತಲೆಗೆ ಗೊತ್ತು, ಹಾಗಾಗಿ ಕೈ ಸಪಾಟಾಗೇ ಎಳೆಯಿತು. ಕಣ್ಣು ಆ ಕಡೆ ಹೋಗಲೇ ಇಲ್ಲ. ಅದೇ ಫಿಲ್ಟರನ್ನು ಹಾಳೆ ನೋಡದೆ ಬರೆದ ದಿನ ಕೆಳಗಿನ ಅಂಚು ಮೇಲಿನದಕ್ಕಿಂತ ಜಾಸ್ತಿ ಬಾಗಿ ಬಂತು. ಕೈ ಜಾರಿತು ಅಂದುಕೊಂಡೆ. ಬಗ್ಗಿ ನೋಡಿದರೆ ನಿಜವಾಗಿಯೂ ಹಾಗೇ ಇದೆ! ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆಯಾಗಿ ಕಾಣುತ್ತೆ, ಕೆಳಗೆ ಹೋದಷ್ಟೂ ದುಂಡಗಾಗುತ್ತೆ.

ಹಾಗಂತ ಇದನ್ನು ತಳ್ಳಿಹಾಕುವ ಹಾಗಿಲ್ಲ. ಫಿಲ್ಟರಿನ ಮೇಲಿನ ಪಾತ್ರೆ ಎಷ್ಟು, ಕೆಳಗಿನದು ಎಷ್ಟು, ಈ ಅಳತೆ ಬ್ಲೈಂಡ್‌ನಲ್ಲಿ ಯಾವತ್ತೂ ಸಿಗಲಿಲ್ಲ. ಎರಡು ತುಂಡಿಗೂ ಸಂಬಂಧವೇ ಇಲ್ಲದಂತೆ ಒಂದು ಆ ಮೂಲೆ, ಒಂದು ಈ ಮೂಲೆ. ಎಷ್ಟು ಸಲ ಹಾಳೆ ನೋಡುತ್ತೀರಿ ಅನ್ನುವುದರ ಮೇಲಿದೆ ಎಲ್ಲ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ಅಲ್ಲೇ ಕೂರಿಸಿ ಮುಖ ಬರೆದುಕೊಡುವವರ ಕೈ ನೋಡಬೇಡಿ, ಕಣ್ಣು ನೋಡಿ. ನಾನು ನಿಂತು ಗಮನಿಸಿದವರು ಹಾಳೆಗಿಂತ ಎದುರಿಗಿನ ಮುಖವನ್ನೇ ಜಾಸ್ತಿ ನೋಡುತ್ತಿದ್ದರು. ನಾನು ಉಲ್ಟಾ ಮಾಡುತ್ತಿದ್ದೆ.

ಮೂರನೆಯದು ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಮುಗಿಸುವುದು. ಮೆಟ್ರೊದಲ್ಲಿ, ಜಯನಗರದಿಂದ ಮೆಜೆಸ್ಟಿಕ್‌ವರೆಗೆ ಮಾಡಿದೆ. ಮಜಾ ಇದೆ, ಚಿತ್ರವೂ ಸ್ಟೈಲಾಗಿ ಬರುತ್ತೆ, ಸ್ಟೇಟಸ್‌ಗೆ ಹಾಕಬಹುದು. ಆದರೆ ಗೆರೆ ಎಲ್ಲಿಂದ ಎಲ್ಲಿಗೆ ಒಯ್ಯಲಿ ಅನ್ನುವ ಚಿಂತೆಯಲ್ಲೇ ಅರ್ಧ ಗಮನ ಹೋಗುತ್ತೆ. ಎದುರು ಕೂತಿದ್ದವರ ಕನ್ನಡಕ ದುಂಡಗಿತ್ತೋ ಚೌಕವೋ, ಮಾರನೇ ದಿನ ನೆನಪಿಲ್ಲ.

ನಾಲ್ಕನೆಯದು ವಸ್ತು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗ ಬರೆಯುವುದು. ದಿನಾ ಮಾಡಲಿಲ್ಲ, ಸಿಕ್ಕಿಹಾಕಿಕೊಂಡಾಗ ಮಾತ್ರ. ಲಾಲ್‌ಬಾಗ್‌ನ ಹಳೇ ಬೂರುಗದ ಮರದ ಬುಡ ಗೋಡೆ ಗೋಡೆಯಾಗಿ ಹರಡಿದೆಯಲ್ಲ, ಅದನ್ನು ಬರೆಯಲು ಹೋಗಿ ಮೂರು ಹಾಳೆ ಹರಿದೆ. ಬೇರು ಬಿಟ್ಟು ಬೇರುಗಳ ನಡುವಿನ ಸಂದು ಬರೆದಾಗ ಕೂತಿತು. ಸಂದಿಗೆ ಹೆಸರಿಲ್ಲ, ಹಾಗಾಗಿ ತಲೆ ಮಧ್ಯೆ ಬಾಯಿ ಹಾಕಲ್ಲ.

ಮಧ್ಯದಲ್ಲಿ ದುಡ್ಡು ಕಟ್ಟಿ ವಾರಾಂತ್ಯದ ಒಂದು ಕ್ಲಾಸಿಗೂ ಸೇರಿದ್ದೆ. ಅಲ್ಲಿ ಪ್ರಿಂಟ್ ತೆಗೆದ ಗಿಳಿ ಚಿತ್ರ ಕೊಟ್ಟು ಕಾಪಿ ಮಾಡಿ ಅಂದರು. ಎರಡನೇ ವಾರ ಹೋಗಲಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ, ಗೆರೆ ಇಲ್ಲದ 60 ರೂಪಾಯಿಯ ಪುಸ್ತಕ ಸಾಕು. ಪೆನ್ಸಿಲ್ ಬೇಡ, ರಬ್ಬರ್ ಹುಡುಕುವಂತಾಗುತ್ತೆ. ಬಾಲ್ ಪೆನ್ನಿಗಿಂತ ಜೆಲ್ ಪೆನ್ನು ಒಳ್ಳೆಯದು, ಅದಕ್ಕೆ ನನ್ನದೇ ಒಂದು ಕಾರಣ ಇದೆ. ಕಣ್ಣು ಎಲ್ಲಿ ತಡವರಿಸಿ ನಿಂತಿತೋ ಅಲ್ಲಿ ಶಾಯಿ ಚುಕ್ಕೆಯಾಗಿ ಹರಡುತ್ತೆ. ನನ್ನ ಹೊಂಗೆ ಎಲೆಗಳಲ್ಲಿ ಚುಕ್ಕೆ ಬಿದ್ದದ್ದೆಲ್ಲ ಕಡ್ಡಿಗೆ ಎಲೆ ಸೇರುವ ಕಡೆಯೇ.

ಹೊಸಬರು ಯಾವುದರಿಂದ ಶುರು ಮಾಡಬೇಕು ಅಂದರೆ ನಾನು ಬ್ಲೈಂಡ್ ಅನ್ನುತ್ತೇನೆ, ಎರಡು ವಾರ ಅದೊಂದೇ. ಚಿತ್ರ ಚೆನ್ನಾಗಿಲ್ಲ ಅಂತ ಬೇಜಾರಾಗುವವರು ಮಾತ್ರ 5 ನಿಮಿಷ ಅದನ್ನು ಮಾಡಿ, ಉಳಿದ 15 ನಿಮಿಷ ನೋಡಿಕೊಂಡು ಬರೆಯಲಿ. ನಾನೀಗ ಮಾಡುತ್ತಿರುವುದೂ ಅದನ್ನೇ.

ಎದುರು ಮನೆ ಮುಂದಿನ ಮರವೂ ಹೊಂಗೆ ಅಂತಲೇ ತಿಳಿದಿದ್ದೆ. ಕಳೆದ ವಾರ ಅದರ ಎಲೆ ತಂದು ಹಾಳೆ ನೋಡದೆ ಬರೆದೆ. ಎಡಗಡೆಯ ಎಲೆ ಮೇಲಕ್ಕೆ ಹೋಯಿತು, ಬಲಗಡೆಯದು ಕೆಳಗೇ ಉಳಿಯಿತು. ಜೋಡಿ ಕೂಡಲೇ ಇಲ್ಲ. ಇನ್ನೊಂದು ಎಲೆ ಕಿತ್ತು ತಂದೆ, ಅದೂ ಹಾಗೇ. ಗುಂಪಿನ ಆ ಹಿರಿಯರಿಗೆ ತೋರಿಸಿದೆ. ಅದು ಹೊಂಗೆ ಅಲ್ಲವಂತೆ. ಬೀಟೆಯ ನೆಂಟ, ಶಿಸು ಮರವಂತೆ.