ಕೋಹಾನಾ, ಇ-ಗ್ರಂಥಾಲಯನಾ? ಮೂಡಿಗೆರೆ ಥರದ ಊರಿನ ಲೈಬ್ರರಿಗೆ ಯಾವ್ದು

ರಿಜಿಸ್ಟರ್ ಬಿಟ್ಟು ಕಂಪ್ಯೂಟರಿಗೆ ಹೋಗೋಣ ಅಂದ್ರೆ ಎಲ್ರೂ ಈ ಎರಡೇ ಲೈಬ್ರರಿ ಸಾಫ್ಟ್‌ವೇರ್ ಹೆಸರು ಹೇಳ್ತಾರೆ. ಲೈಸೆನ್ಸ್ ಫೀಸ್ ಎರಡಕ್ಕೂ ಇಲ್ಲ.

ಇ-ಗ್ರಂಥಾಲಯ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯವ್ರು ಮಾಡಿದ್ದು, ಸರ್ಕಾರಿ ಲೈಬ್ರರಿ ಆದ್ರೆ ಅವರದ್ದೇ ಕ್ಲೌಡಲ್ಲಿ (ನೆಟ್ ಮೂಲಕ ಬಳಸೋ ಅವರ ಕಂಪ್ಯೂಟರಲ್ಲಿ) ಜಾಗ, ಬ್ರೌಸರ್ ತೆಗೆದು ಕೆಲಸ ಶುರು ಮಾಡೋದು ಅಷ್ಟೇ. ಆದ್ರೆ ನಮ್ ಕಡೆ ಜುಲೈ ಮಳೇಲಿ ನೆಟ್ಟು ಹೋದ್ರೆ ಪುಸ್ತಕ ಕೊಡೋದೂ ನಿಂತ್ಹೋಗುತ್ತೆ, ಹಾಗಾಗಿ ಪಕ್ಕದಲ್ಲೊಂದು ನೋಟ್‌ಬುಕ್ ಇರ್ಲಿ, ನೆಟ್ ಬಂದ್ಮೇಲೆ ಏರಿಸ್ಬಹುದು.

ಕೋಹಾ 2000ದಲ್ಲಿ ನ್ಯೂಜಿಲೆಂಡಿನ ಸಣ್ಣ ಊರಿನ ಲೈಬ್ರರಿಗಳಲ್ಲೇ ಮೊದಲು ಓಡಿದ್ದು. ನಿಮ್ಮದೇ ಮಶೀನಲ್ಲಿ ಹಾಕ್ಕೊಂಡ್ರೆ ನೆಟ್ ಇಲ್ದೇನೂ ನಡೆಯುತ್ತೆ, ಆದ್ರೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಗೊತ್ತಿರೋರು ಒಬ್ರು ಬೇಕೇ ಬೇಕು, ಬ್ಯಾಕಪ್ಪೂ ನಿಮ್ ತಲೆ ಮೇಲೆ. ನಂಗೆ ಇಷ್ಟ ಆಗಿದ್ದು ಹೆಸರಿನ ವಿಷ್ಯ: ಒಬ್ರು ಕುವೆಂಪು ಅಂತ, ಇನ್ನೊಬ್ರು ಕೆ.ವಿ. ಪುಟ್ಟಪ್ಪ ಅಂತ, ಮತ್ತೊಬ್ರು ಪುಟ್ಟಪ್ಪ ಕೆ.ವಿ. ಅಂತ ಟೈಪ್ ಮಾಡಿರ್ತಾರೆ, ಹುಡುಕಿದ್ರೆ ಅರ್ಧ ಪುಸ್ತಕ ಸಿಗಲ್ಲ. ಕೋಹಾದಲ್ಲಿ ಮೂರನ್ನೂ ಒಂದೇ ಹೆಸರಿಗೆ ಕಟ್ಟಿಡ್ಬಹುದು, ಕೂತು ಮಾಡ್ಬೇಕು ಅಷ್ಟೇ.

ಸರ್ಕಾರಿ ಲೈಬ್ರರಿ, ಇರೋದೇ ಒಬ್ರು ಸ್ಟಾಫು ಅಂದ್ರೆ ಯೋಚ್ನೆ ಮಾಡ್ದೆ ಇ-ಗ್ರಂಥಾಲಯಕ್ಕೆ ಹೋಗಿ. ಟ್ರಸ್ಟಿನದ್ದು, ಕಂಪ್ಯೂಟರ್ ಓದಿರೋ ಹುಡುಗ್ರು ಊರಲ್ಲೇ ಇದಾರೆ ಅಂದ್ರೆ ಕೋಹಾ. ಯಾವ್ದೇ ಆಗ್ಲಿ ಮಾರಾಯ್ರೆ, ಬಾರ್‌ಕೋಡ್ ಸ್ಟಿಕರ್ ಮೇಲೆ ಅಗಲದ ಸೆಲ್ಲೋಟೇಪ್ ಒಂದು ಎಳೆದುಬಿಡಿ, ಇಲ್ದಿದ್ರೆ ಮಲೆನಾಡಿನ ಥಂಡಿಗೆ ಸ್ಟಿಕರ್ ಎದ್ದು ಬಂದ್ಬಿಡುತ್ತೆ.